ಡೊಲೊರೆಸ್ ಕೇಳಿದ ಕಿತ್ತೂರು

ಆ ಮುದುಕಿ ಡೊಲೊರೆಸ್‌ಳನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಮೊದಲು ಶಾಲೆಯ ಬಸ್ ಓಡಿಸುತ್ತಿದ್ದವಳು, ಶನಿವಾರಗಳಲ್ಲಿ ಸಂಬಳವಿಲ್ಲದೆ ಸ್ಯಾನ್ ಡಿಯಾಗೋದ ಹಳೆಯ ಸ್ಪ್ಯಾನಿಷ್ ಚರ್ಚನ್ನು ಜನರಿಗೆ ತೋರಿಸುತ್ತಿದ್ದಳು. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳು ಇಂಥದೊಂದು ಚರ್ಚಿನ ಮಾದರಿ ಕಟ್ಟುವುದು ವಾಡಿಕೆ. ಅದಕ್ಕೇ 2006ರಲ್ಲಿ ಮಗಳು ಸಿಂಚನಾಳನ್ನು ಕೂರಿಸಿಕೊಂಡು ನಾವಿದ್ದ ವೆಸ್ಟ್ ಕೊವಿನಾದಿಂದ ನಾನೇ ಡ್ರೈವ್ ಮಾಡಿದ್ದೆ.

ಡೊಲೊರೆಸ್ ಆ ನೆಲದ ಮೂಲನಿವಾಸಿಗಳಾದ ಕುಮಿಯಾಯ್ ಜನಾಂಗದವಳು. "ಸ್ಪೇನಿನವರ ಕೈಕೆಳಗೆ ಇದಕ್ಕೆ ಇಟ್ಟಿಗೆ ಹೊತ್ತವರೂ ನಮ್ಮವರು, ಒಮ್ಮೆ ಅವರ ಮೇಲೆ ತಿರುಗಿಬಿದ್ದು ಬೆಂಕಿ ಇಟ್ಟವರೂ ನಮ್ಮವರೇ" ಎಂದು ನಕ್ಕಳು. ಮಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಊಟಕ್ಕೆ ಕೂತಾಗ ನಾನು ನಮ್ಮ ಕಿತ್ತೂರಿನ ಕಥೆ ತೆಗೆದರೆ ಇದೇ ಹುಡುಗಿ ಟಿವಿ ಕಡೆ ಕತ್ತು ಹೊರಳಿಸುತ್ತಿದ್ದಳು.

"ಸಾಕ ನಡಿಯವ್ವಾ, ದಾರ್ಯಾಗ ಟ್ರಾಫಿಕ್ ಆಗ್ತೈತಿ" ಎಂದು ಕೈ ಎಳೆದೆ.

ಅವಳು ಕೊಸರಿಕೊಂಡು ಮುದುಕಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರುಮಾಡಿದಳು. ಅಮ್ಮನ ಊರಿನಲ್ಲೂ ಒಂದು ಕೋಟೆ ಇದೆ, ಅಲ್ಲಿನ ರಾಣಿ ಚೆನ್ನಮ್ಮ ಬ್ರಿಟಿಷರ ಮೇಲೆ ಕತ್ತಿ ಹಿರಿದಳು, ಸೆರೆಯಲ್ಲೇ ಸತ್ತಳು. ನಾನು ಹೇಳಿದ್ದರಲ್ಲಿ ಒಂದು ಮಾತನ್ನೂ ಬಿಡಲಿಲ್ಲ.

ಡೊಲೊರೆಸ್ ಅವಳ ಕೆನ್ನೆ ಸವರಿದಳು.

ಕಥೆ ನನ್ನದು, ಮಗಳು ನನ್ನವಳು. ಆದರೂ ಅವಳು ಅದನ್ನು ಹೇಳಿದ್ದು ಆ ಮುದುಕಿಗೆ. ನಾನು ಪಕ್ಕದಲ್ಲಿ ಕಾರಿನ ಕೀ ಹಿಡಿದುಕೊಂಡು ನಿಂತಿದ್ದೆ, ಅಷ್ಟೇ.