ಸೇತುವೆ ಮುಳುಗಿದ ದಿನದ ಹಾಜರಿ

ಸೆಪ್ಟೆಂಬರ್ ೧೮, ಬೆಳಗ್ಗೆ ೧೦.೪೦. ತಪಾಸಣೆಗೆ ಬಂದ ಅಧಿಕಾರಿ ನಮ್ಮ ಹಾಜರಿ ಪುಸ್ತಕ ತೆರೆದ ಹೊತ್ತು. ಚಿತ್ತಾಪುರದ ಒಂದು ಖಾಸಗಿ ತರಬೇತಿ ಸಂಸ್ಥೆಯಲ್ಲಿ ನಾನು ವೈರಿಂಗ್ ಕೆಲಸ ಕಲಿಸುತ್ತೇನೆ. ತರಗತಿಯಲ್ಲಿ ಇಪ್ಪತ್ತಮೂರು ಮಂದಿ; ಅವರಲ್ಲಿ ಆರು ಮಂದಿ ಕಾಗಿಣಾ ಹೊಳೆಯಾಚೆಯ ದಂಡೋತಿಯಿಂದ ಬರುವವರು. ಹಾಜರಿ ಬರೆಯುವವನೂ ನಾನೇ.

ಬರೆಯುವುದೆಂದರೆ ತಿಂಗಳ ಕೊನೆಯ ದಿನ ಕೂತು, ಇಡೀ ತಿಂಗಳದ್ದನ್ನು ಬರೆಯುವುದು. ನಾನು ಸೇರುವ ಮೊದಲಿನಿಂದಲೂ ಅಲ್ಲಿ ಅದೇ ರೂಢಿ. ಮೊದಲ ವಾರವೇ ಪ್ರಾಚಾರ್ಯರು ಹೇಳಿದ್ದರು: "ದಿನಾ ಬರ್ಕೋಂತ ಕುಂತ್ರ ಯಾರ ಹಾಜರಿನೂ ಪೂರಾ ಆಗಂಗಿಲ್ಲ ತಮ್ಮಾ. ಕಡಿಮಿ ಬಿತ್ತಂದ್ರ ಹುಡುಗ್ರಿಗಿ ಪರೀಕ್ಷಾಕ್ಕ ಕುಂದ್ರಸಂಗಿಲ್ಲ. ಪುಣ್ಯದ ಕೆಲ್ಸ ಅಂತ ತಿಳ್ಕೋ."

ಆ ಪುಣ್ಯವನ್ನು ನಾನು ಅಚ್ಚುಕಟ್ಟಾಗಿ ಮಾಡಿದೆ. ಒಂದೇ ದಿನ ಬರೆದದ್ದೆಂದು ಗೊತ್ತಾಗಬಾರದೆಂದು ಮೂರು ಪೆನ್ನು ಇಟ್ಟುಕೊಂಡಿದ್ದೆ. ಪ್ರತಿಯೊಬ್ಬರಿಗೂ ತಿಂಗಳಿಗೆ ಎರಡು ಗೈರು, ಬೇರೆ ಬೇರೆ ದಿನ. ನಿಜವಾಗಿ ಯಾರು ಬಂದರು, ಎಷ್ಟು ಗಂಟೆ ತಂತಿ ಹಿಡಿದು ಕೆಲಸ ಮಾಡಿದರು ಎಂಬುದು ನನ್ನ ಸ್ವಂತ ಡೈರಿಯಲ್ಲಿರುತ್ತಿತ್ತು. ಎಲ್ಲವನ್ನೂ ಎಣಿಸಿ ಬರೆದಿಡುವುದು ನನಗೆ ಚಿಕ್ಕಂದಿನಿಂದ ಬಂದ ಚಟ.

ಅಧಿಕಾರಿ ಆಗಸ್ಟ್ ತಿಂಗಳ ಪುಟದ ಮೇಲೆ ಬೆರಳಿಟ್ಟರು. ಅವರು ಸೇಡಂ ಕಡೆಯವರು.

"ಇಪ್ಪತ್ತೊಂದನೇ ತಾರೀಖ ದಂಡೋತಿ ಸೇತುವಿ ಮ್ಯಾಲ ನೀರಿತ್ತು. ನಾನೇ ಆಚಿ ದಂಡಿಗಿ ಸಿಕ್ಕೊಂಡು ನಿಂತಿದ್ದೆ. ದಂಡೋತಿಯಿಂದ ಆರೂ ಮಂದಿ ಬಂದಾರ ಅಂತ ಬರ್ದೀರಿ. ಕಾಗಿಣಾ ಈಸಿ ಬಂದ್ರೇನ್ರಿ?"

ಪ್ರಾಚಾರ್ಯರು ನಕ್ಕರು. ಅಧಿಕಾರಿ ನಗಲಿಲ್ಲ.

"ಹಂಗಾರ ವೈರಿಂಗ್ ಜೋಡಿ ಈಸೂದೂ ಕಲಿಸ್ತೀವಿ ಅಂತ ಬೋರ್ಡ್ ಹಾಕ್ರಿ."

ಡೈರಿ ನನ್ನ ಚೀಲದಲ್ಲೇ ಇತ್ತು. ಆ ತಾರೀಖಿಗೆ ನನ್ನದೇ ಅಕ್ಷರ: ‘ಸೇತುವೆ ಮುಳುಗಿದೆ. ದಂಡೋತಿಯ ಆರು ಮಂದಿಯೂ ಇಲ್ಲ.’ ಗೈರು ಹಂಚುವಾಗ ಅದನ್ನು ತೆರೆದೂ ನೋಡಿರಲಿಲ್ಲ. ಅಧಿಕಾರಿಯ ಮುಂದೆ ಹೊರಗೆ ತೆಗೆಯುವ ಧೈರ್ಯವೂ ಬರಲಿಲ್ಲ.

೨೫ರಂದು ಇಲಾಖೆಯ ಕಲಬುರಗಿ ಕಚೇರಿಯಿಂದ ಪತ್ರ ಬಂತು. ಹಾಜರಿ ಪುಸ್ತಕ ಪೂರ್ತಿ ಅಮಾನ್ಯ. ಇಪ್ಪತ್ತಮೂರು ಮಂದಿಗೂ ಪರೀಕ್ಷೆ ಇಲ್ಲ.

ದಂಡೋತಿಯ ಆ ಆರು ಮಂದಿಯಲ್ಲಿ ಒಬ್ಬ ಹುಡುಗಿ ವಾಡಿಯ ಕಾರ್ಖಾನೆಯೊಂದಕ್ಕೆ ಅಪ್ರೆಂಟಿಸ್ ಆಗಿ ಆಯ್ಕೆಯಾಗಿದ್ದಳು. ಅಕ್ಟೋಬರ್ ೩೦ರ ಪರೀಕ್ಷೆ ಬರೆದರೆ ಮಾತ್ರ ಆ ಜಾಗ ಅವಳದು. ನನ್ನ ಡೈರಿಯ ಪ್ರಕಾರ ೧೬೪ ದಿನಗಳಲ್ಲಿ ಅವಳು ೧೪೯ ದಿನ ಬಂದಿದ್ದಾಳೆ. ಅವಳಿಗೆ ನನ್ನ ಸುಳ್ಳು ಬೇಕೇ ಇರಲಿಲ್ಲ.

ವಿಷಯವನ್ನು ನಾನೇ ಅವಳಿಗೆ ಹೇಳಿದೆ.

"ಸರ್, ಬಸ್ ಇಲ್ಲ, ಬರಂಗಿಲ್ಲ ಅಂತ ಅವತ್ತ ನಿಮಗ ಫೋನ್ ಮಾಡಿದ್ನಲ್ರಿ?"

"ಮಾಡಿದ್ದಿ."

"ಮತ್ತ ಯಾಕ್ ಬರ್ದ್ರಿ?"

"ನಿಮಗೇ ಅನುಕೂಲ ಆಗ್ಲಿ ಅಂತ."

"ಭಾಳ ಅನುಕೂಲ ಆಯ್ತು ಬಿಡ್ರಿ. ನಾ ಬರ್ಲಾರದ ದಿನ ಬರ್ದು, ಬಂದ ದಿನಾ ಎಲ್ಲಾ ಸುಳ್ಳ ಮಾಡಿದ್ರಿ."

ಮರುದಿನ ಅವಳು ನೋಟ್‌ಬುಕ್ಕಿನ ಹಾಳೆಗಳ ನಡುವೆ ಉಳಿದಿದ್ದ ಉಚಿತ ಬಸ್ ಟಿಕೆಟುಗಳನ್ನೆಲ್ಲ ತಂದು ನನ್ನ ಮೇಜಿನ ಮೇಲೆ ಸುರಿದಳು. ಎಪ್ಪತ್ತೆರಡು. ತಾರೀಖು ಓದಲು ಬಂದದ್ದು ಮೂವತ್ತೊಂದರಲ್ಲಿ. ಉಳಿದವುಗಳ ಅಚ್ಚು ಮಾಸಿತ್ತು. ಇಬ್ಬರೂ ಕಿಟಕಿಯ ಬೆಳಕಿಗೆ ಒಂದೊಂದನ್ನೂ ಹಿಡಿದು ನೋಡಿದೆವು. ಮೂವತ್ತೆರಡನೆಯದು ಸಿಗಲಿಲ್ಲ.

ಟಿಕೆಟು, ಡೈರಿ ಎರಡನ್ನೂ ಹಿಡಿದು ಕಲಬುರಗಿಯ ಕಚೇರಿಗೆ ಮೂರು ಸಲ ಹೋದೆ. ಎರಡು ಸಲ ಸಾಹೇಬರಿರಲಿಲ್ಲ. ಮೂರನೆಯ ಸಲ, ಅಕ್ಟೋಬರ್ ೧೪ರಂದು, ಗುಮಾಸ್ತರು ಡೈರಿ ತಿರುವಿ ನೋಡಿ ವಾಪಸ್ ತಳ್ಳಿದರು.

"ಆ ಪುಸ್ತಕಾನೂ ನೀವೇ ಬರ್ದೀರಿ, ಇದೂ ನೀವೇ ಬರ್ದೀರಿ. ಯಾವ್ದು ಖರೇ ಅಂತ ನಂಬ್ಲಿ?"

ಡೈರಿಯನ್ನು ಚೀಲಕ್ಕೆ ಹಾಕಿಕೊಂಡು ವಾಪಸ್ ಬಂದೆ.

ಈಗ ದಿನವೂ ಒಂಬತ್ತೂವರೆಗೆ ಹಾಜರಿ ಪುಸ್ತಕ ಮೇಜಿನ ಮೇಲಿರುತ್ತದೆ. ವಿದ್ಯಾರ್ಥಿಗಳೇ ಸಹಿ ಮಾಡುತ್ತಾರೆ. ಮಾಡಿದ ಮೇಲೆ ಪ್ರತಿಯೊಬ್ಬರೂ ಆ ಪುಟದ ಫೋಟೊ ಹೊಡೆದುಕೊಳ್ಳುತ್ತಾರೆ. ನನ್ನ ಎದುರಿಗೇ. ಮೊದಲು ಇಪ್ಪತ್ತಮೂರು ಸಹಿ ಬೀಳುತ್ತಿದ್ದವು, ನಿನ್ನೆ ಹನ್ನೊಂದು. ಅವಳ ಸಹಿ ಇತ್ತು.

ಇವತ್ತು ಅಕ್ಟೋಬರ್ ೨೬. ನಾಲ್ಕು ದಿನ ಉಳಿದಿವೆ. ಸುಳ್ಳು ಬರೆದವನು ನಾನೇ ಎಂದು ಕಚೇರಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಅದಕ್ಕೆ ಏನೇ ಆಗಲಿ. ಆದರೆ ಸುಳ್ಳು ಪುಸ್ತಕದೊಳಗಿನ ನಿಜವಾದ ದಿನಗಳನ್ನು ಬೇರ್ಪಡಿಸಿ ತೋರಿಸುವುದಕ್ಕೆ ಏನಾದರೂ ದಾರಿ ಇದೆಯೇ? ಶಹಾಬಾದದಲ್ಲೋ ಚಿಂಚೋಳಿಯಲ್ಲೋ ಎಲ್ಲಾದರೂ ಹೀಗಾಗಿ, ಆಮೇಲೆ ಯಾರಾದರೂ ಪರೀಕ್ಷೆಗೆ ಕೂತದ್ದು ಗೊತ್ತಿದ್ದವರು, ಯಾರಿಗೆ ಯಾವ ಅರ್ಜಿ ಕೊಟ್ಟರೆಂದು ದಯವಿಟ್ಟು ಬರೆದು ತಿಳಿಸಿ. ೩೦ರೊಳಗೆ.