ಮೇಷ್ಟ್ರ ಕರಿಹಲಗೆ

ನಿಂಗೇಗೌಡ ಮೇಷ್ಟ್ರ ಎಡಗೈಯ ಕಿರುಬೆರಳು ಸದಾ ಮಡಚಿಕೊಂಡೇ ಇರುತ್ತಿತ್ತು. ಲೆಕ್ಕ ಕೂಡುವಾಗ ಕೈಗೆ ಬಂದ ದಶಕ ಮರೆಯದಿರಲಿ ಎಂದು ಬಾಲ್ಯದಲ್ಲಿ ಹಿಡಿದ ಚಾಳಿ. ಕಾಫಿ ಲೋಟ ಹಿಡಿದಾಗಲೂ ಬಿಚ್ಚುತ್ತಿರಲಿಲ್ಲ. "ಕೈಲಿರೋದ ಬುಟ್ರೆ ಮಿಕ್ಕಿದ್ದೆಲ್ಲಾ ಅಳ್ಳ ಇಡೀತದೆ ಕಣವ್ವ" ಎನ್ನುತ್ತಿದ್ದರು.

ಡಿಪ್ಲೊಮಾದಲ್ಲಿ ನನಗೆ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ಬೇರೆಯವರು ವಾಕಿಂಗ್ ಹಿಡಿದರೆ ಇವರು ಕರ್ನಲ್ ಹಿಡಿದರು. ಕರ್ನಲ್ ಎಂದರೆ ಕಂಪ್ಯೂಟರಿನ ಒಳಗೆ ಕೂತು ಎಲ್ಲವನ್ನೂ ನಡೆಸುವ ಪ್ರೋಗ್ರಾಮು. ಇವರು ಹಿಡಿದದ್ದನ್ನು ದೇಶವಿದೇಶದವರು ಸೇರಿ ಬರೆಯುತ್ತಾರೆ. ಯಾರು ಬೇಕಾದರೂ ಕೋಡ್ ಕಳಿಸಬಹುದು, ಅವರು ನೋಡಿ ಒಪ್ಪಿದರೆ ಸೇರುತ್ತದೆ. ಗುಟ್ಟಿನ ಸಂದೇಶಗಳಿಗೆ ಬೀಗ ಹಾಕುವ ಭಾಗವೊಂದು ಅದರಲ್ಲಿದೆ. ಎಪ್ಪತ್ತೇಳು ಅಂಕಿ ಉದ್ದದ ಸಂಖ್ಯೆಗಳನ್ನು ಗುಣಿಸಿ, ಗೊತ್ತಾದ ಒಂದು ಸಂಖ್ಯೆಯಿಂದ ಭಾಗಿಸಿ ಶೇಷ ಹಿಡಿಯುವುದು ಅದರ ಕೆಲಸ. ಭಾಗಾಕಾರ ಬಲು ನಿಧಾನ. ಮೇಷ್ಟ್ರು ತಾವು ಬರೆದ ಕೋಡಿನಲ್ಲಿ ಭಾಗಿಸುತ್ತಲೇ ಇರಲಿಲ್ಲ. ಅಳತೆ ಮೀರಿ ಉಕ್ಕಿದ್ದನ್ನು ಹತ್ತೊಂಬತ್ತರಿಂದ ಗುಣಿಸಿ ಕೆಳಗಿನದಕ್ಕೆ ಕೂಡಿಬಿಡುತ್ತಿದ್ದರು. ಕಡೆಗೊಂದು ಸಾಲು: ಉಳಿದದ್ದು ಭಾಗಿಸುವ ಸಂಖ್ಯೆಗಿಂತ ಇನ್ನೂ ದೊಡ್ಡದಿದ್ದರೆ ಅದನ್ನು ಒಮ್ಮೆ ಕಳೆ.

ಹತ್ತಿರದ ಸಣ್ಣಕ್ಷರ ಕಾಣದಿದ್ದರಿಂದ ಗುತ್ತಲಿನ ಮನೆಯ ಜಗುಲಿಯಲ್ಲಿದ್ದ ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಕೋಡ್ ಬರೆಯುತ್ತಿದ್ದರು. ಮದ್ದೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಭಾನುವಾರ ಬಸ್ಸು ಹತ್ತಿ ಹೋಗಿ ಟೈಪು ಮಾಡಿಕೊಡುತ್ತಿದ್ದೆ. ಮುಗಿದೊಡನೆ ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸುತ್ತಿದ್ದರು. ನಕಲು ಇಟ್ಟುಕೊಳ್ಳಿ ಎಂದರೆ, "ನಿನ್ನತ್ರ ಅದೆಯಲ್ಲ, ನಂಗ್ಯಾಕೆ?"

ದುದ್ದದಲ್ಲಿದ್ದ ಅವರ ಅಣ್ಣನಿಗೆ ಮರೆವು ಹತ್ತಿ, ಸ್ವಂತ ಮಗನನ್ನೇ "ನೀ ಯಾರ ಪೈಕಿನಪ್ಪ?" ಎಂದು ಕೇಳುತ್ತಿದ್ದರಂತೆ. ಅದನ್ನು ನೋಡಿ ಬಂದ ದಿನ ಮೇಷ್ಟ್ರು ಊಟ ಮುಟ್ಟಲಿಲ್ಲ. "ನಮ್ಮಪ್ಪಂಗೂ ಇಂಗೇ ಆಗಿತ್ತು ಕಣವ್ವ. ಈ ಕೋಡ ಕರ್ನಲ್‌ನೋರು ಒಪ್ಕಂಡ್ರೆ ನನ್ ತಲೆ ಇನ್ನೂ ಸರಿಯಾಗದೆ ಅಂತ ನಂಬ್ತೀನಿ."

ನಾನು ಮಾಡಿದ್ದು ಇಷ್ಟೆ. ಲಕ್ಷಗಟ್ಟಲೆ ಸಂಖ್ಯೆ ಕೊಟ್ಟು ನೋಡಿದರೂ ಕಳೆ ಎಂಬ ಆ ಕೊನೆಯ ಸಾಲಿಗೆ ಒಮ್ಮೆಯೂ ಕೆಲಸ ಬೀಳಲಿಲ್ಲ. ತೆಗೆದರೆ ಕೋಡು ಕೂದಲೆಳೆಯಷ್ಟು ಚುರುಕಾಗುತ್ತಿತ್ತು. ಅವರಿಗಿಂತ ನನಗೇ ಹೆಚ್ಚು ಗೊತ್ತೆಂಬ ಧಿಮಾಕು. ಟೈಪು ಮಾಡಿದ್ದರಿಂದಲೇ ಅಳಿಸಿ, ಬೇರೆ ಪ್ರತಿಯನ್ನೂ ಇಡದೆ, ಅವರ ಹೆಸರಿನಲ್ಲೇ ಕಳಿಸಿಬಿಟ್ಟೆ.

"ಎಲ್ಲಾ ಆಕಿದ್ದೀಯಾ?"

"ಹಾಕಿದೀನಿ ಸಾ."

ಹಲಗೆ ಒರೆಸಿದರು.

ಕೋಡು ಒಪ್ಪಿಗೆಯಾದಾಗ ಮೇಷ್ಟ್ರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಮೂರೇ ತಿಂಗಳಿಗೆ ಯಾರೋ ದೂರದೇಶದವರ ಮೇಲ್ ಬಂತು. ಒಂದು ಸಂಖ್ಯೆಗೆ ಉತ್ತರ ತಪ್ಪು, ಕಡೆಯಲ್ಲಿ ಕಳೆಯುವುದನ್ನು ಮರೆತಿದ್ದಾರೆ, ಆದ್ದರಿಂದ ಕೋಡು ವಾಪಸು. ಓದಿ ಹೇಳಿದವಳೂ ನಾನೇ. ಮೇಷ್ಟ್ರು ಖಾಲಿ ಹಲಗೆಯನ್ನೇ ನೋಡುತ್ತ ಕೂತರು. "ಬರ್ದಿದ್ದೆ ಅಂತಲೇ ನೆಪ್ಪು... ನಂಗೂ ಸುರುವಾಯ್ತು ಬುಡು."

ಆಗಲೇ ಹೇಳಬೇಕಿತ್ತು. ಆ ಸಾಲು ಸೇರಿಸಿ ಮತ್ತೆ ಕಳಿಸೋಣ ಸಾ, ಎಂದಷ್ಟೇ ಅಂದೆ. "ಬ್ಯಾಡ. ಇನ್ನೇನೇನ್ ಮರ್ತಿದ್ದೀನೋ." ಮುಂದಿನ ಭಾನುವಾರ ಹೋದರೆ ಹಲಗೆ ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಸ್ಕೂಟರು ಓಡಿಸುವುದನ್ನು ನಿಲ್ಲಿಸಿದರು. ಡಾಕ್ಟರು ಏನೂ ಆಗಿಲ್ಲ ಎಂದರೂ ನಂಬಲಿಲ್ಲ. ಹಲಗೂರಿನ ಮಗಳ ಮನೆ ಸೇರಿ, ಎದುರಿಗೇ ಕಾಣುವ ಬಸ್‌ಸ್ಟ್ಯಾಂಡಿಗೂ ಒಬ್ಬರೇ ಹೋಗದವರಾದರು. ನಾನು ಪ್ರತಿ ವಾರವೂ ಮುಂದಿನ ವಾರ ಹೇಳುತ್ತೇನೆ ಎಂದುಕೊಂಡೆ. ನನ್ನಂಥ ಹೇಡಿಗೆ ವಾರಗಳಿಗೇನು ಬರ.

ವರ್ಷ ಕಳೆದು ಹಲಗೂರಿಗೆ ಹೋಗಿ ಅವರ ಕಾಲ ಬಳಿ ಕೂತು ಹೇಳಿದೆ. "ಸಾ, ನೀವು ಬರ್ದಿದ್ರಿ. ನಾನೇ ತೆಗೆದುಬಿಟ್ಟೆ."

ಮೇಷ್ಟ್ರು ನನ್ನ ತಲೆ ಸವರಿದರು. "ನನ್ ಸಮಾಧಾನಕ್ಕೆ ತಪ್ಪ ನಿನ್ ಮ್ಯಾಲೆ ಯಾಕ್ ಆಕೋತೀಯ ಮಗ? ನಾನೇ ಮರ್ತೆ. ನಂಗೊತ್ತಿಲ್ವಾ."

ಆಣೆ ಮಾಡಿ ಅತ್ತುಬಿಟ್ಟೆ. ತೋರಿಸಲು ನನ್ನ ಬಳಿ ಏನಿತ್ತು? ಅವರು ಬರೆದದ್ದೆಲ್ಲ ನನ್ನ ಮಾತು ನಂಬಿ ಅವರೇ ಒರೆಸಿದ್ದರು. ಮಗಳನ್ನು ಕರೆದು, "ಪಾಪ, ಮಗೀಗೆ ಕಾಫಿ ಕೊಡವ್ವ" ಎಂದರು.

ಅದೇ ಕೊನೆಯ ಭೇಟಿ. ಆಷಾಢದಲ್ಲಿ ಹೋಗಿಬಿಟ್ಟರು. ಆ ಕೊನೆಯ ಭೇಟಿಯ ದಿನ ಅವರೂ ನನ್ನ ಜೊತೆ ಕಾಫಿ ಕುಡಿದಿದ್ದರು. ಲೋಟ ಹಿಡಿದ ಎಡಗೈಯಲ್ಲಿ ಕಿರುಬೆರಳು ಬಿಚ್ಚಿಕೊಂಡಿತ್ತು.