ಮೂರು ನಿಮಿಷದ ಹೆಲ್ಮೆಟ್

ಪೊಲೀಸರು ಗಾಡಿ ತಡೆಯುವ ಜಾಗಕ್ಕೆ ಇನ್ನೂರು ಹೆಜ್ಜೆ ಮೊದಲು ರಸ್ತೆ ಎಡಕ್ಕೆ ಹೊರಳುತ್ತಿತ್ತು. ಆ ತಿರುವಿನ ಗೋಡೆಗೆ ಮೊಳೆ ಹೊಡೆದು, ಎಂಟು ಹೆಲ್ಮೆಟ್ ನೇತುಹಾಕಿಕೊಂಡು ಅವಳು ಕೂರುತ್ತಿದ್ದಳು. ಬರಿತಲೆಯಲ್ಲಿ ಬಂದ ಬೈಕಿನವರು ಒಂದು ಚಹಾದ ದುಡ್ಡು ಕೊಟ್ಟು ಹೆಲ್ಮೆಟ್ ಏರಿಸಿಕೊಂಡು, ಪೊಲೀಸರ ಮುಂದೆ ಹಾಲು ಕುಡಿದ ಮಗುವಿನ ಮುಖ ಮಾಡಿಕೊಂಡು ಹಾದು, ಆಚೆ ಪೆಟ್ರೋಲ್ ಬಂಕಿನ ಹತ್ತಿರ ನಿಂತ ಅವಳ ಮೈದುನನ ಕೈಗೆ ಅದನ್ನು ಕೊಟ್ಟು ಹೋಗುತ್ತಿದ್ದರು. ಎಲ್ಲ ಸೇರಿದ ಮೇಲೆ ಮೈದುನ ಹಿಂದಿನ ಓಣಿಯಿಂದ ಬೈಕಿನಲ್ಲಿ ವಾಪಸು ತರುತ್ತಿದ್ದ. ಜನ ಅವಳನ್ನು ಟೋಪಿಯಕ್ಕ ಎನ್ನುತ್ತಿದ್ದರು. "ಊರಿಗೆಲ್ಲ ಟೋಪಿ ಹಾಕ್ತೀಯಲ್ಲಕ್ಕ" ಎಂದು ಯಾರಾದರೂ ನಕ್ಕರೆ, "ಹಾಕಿಸ್ಕೊಳ್ಳೋಕೂ ತಲೆ ಇರಬೇಕಪ್ಪ" ಎನ್ನುತ್ತಿದ್ದಳು.

ಅವಳ ಗಂಡ ಹೆಲ್ಮೆಟ್ ಹಾಕಿಕೊಂಡೇ ಸತ್ತವನು. ಹಗುರವಾಗಿದೆ, ಅಗ್ಗವಾಗಿದೆ ಎಂದು ಬೀದಿಬದಿಯಲ್ಲಿ ಕೊಂಡಿದ್ದ. ಎರಡು ಹೋಳಾದ ಅದನ್ನು ಆಸ್ಪತ್ರೆಯಲ್ಲಿ ಡಾಕ್ಟರು ತಿರುಗಿಸಿ ನೋಡಿ, "ಇದು ಹೆಲ್ಮೆಟ್ ಅಲ್ಲಮ್ಮ, ಪ್ಲಾಸ್ಟಿಕ್ ಬೋಗುಣಿ" ಎಂದಿದ್ದರು. ಆ ಮಾತು ಎದೆಗೆ ನಾಟಿಬಿಟ್ಟಿತು. ಅಲ್ಲಿಂದ ಮುಂದೆ ಅಂಗಡಿಯವರಿಗೆ ಅವಳನ್ನು ಕಂಡರೆ ತಲೆನೋವು. ಒಳಗಿನ ಥರ್ಮಾಕೋಲನ್ನು ಹೆಬ್ಬೆರಳಲ್ಲಿ ಒತ್ತುವಳು, ಗಲ್ಲದ ಪಟ್ಟಿಯನ್ನು ಮೊಣಕಾಲಿಗೆ ಸಿಕ್ಕಿಸಿ ಜಗ್ಗುವಳು, ಗುಣಮಟ್ಟದ ಮುದ್ರೆ ನಿಜವಾದದ್ದೋ ಯಾರೋ ಅಂಟಿಸಿದ್ದೋ ಎಂದು ಉಗುರಲ್ಲಿ ಕೆರೆಯುವಳು. ಒಮ್ಮೆ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಮಿರಮಿರ ಮಿಂಚಲಿ, ಮತ್ತೊಬ್ಬರ ತಲೆಗೆ ಹೋಗದಂತೆ ಕಲ್ಲಿನಿಂದ ಜಜ್ಜಿ ಎಸೆಯುವಳು.

ಇಷ್ಟು ಗೊತ್ತಿದ್ದವಳು ಈ ಕಳ್ಳ ವ್ಯಾಪಾರಕ್ಕೆ ಯಾಕೆ ಕೂತಳು? ಹೊಟ್ಟೆಪಾಡು ಒಂದು. ಇನ್ನೊಂದು ಅವಳ ಹುಚ್ಚು ಆಸೆ: ಒಳ್ಳೆಯದು ಒಂದು ಸಲ ತಲೆಯ ಮೇಲೆ ಕೂತರೆ ರೂಢಿಯಾಗುತ್ತದೆ, ಆಮೇಲೆ ತಾವೇ ಕೊಳ್ಳುತ್ತಾರೆ ಎಂದು. ಆರು ವರ್ಷ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಒಬ್ಬನಿಗೆ ಬೆವರು, ಒಬ್ಬನಿಗೆ ಕೂದಲು ಉದುರುವ ಭಯ, ಮತ್ತೊಬ್ಬನಿಗೆ ಮನೆ ಇಲ್ಲೇ ಹತ್ತಿರ.

ಹೊರಗಿನವರ ಮಾತೇಕೆ, ದೀಪದ ಬುಡದಲ್ಲೇ ಕತ್ತಲೆ. ಮೈದುನ ಎರಡೂ ತೋಳಿಗೆ ಹೆಲ್ಮೆಟ್‌ಗಳನ್ನು ಬಳೆಯ ಹಾಗೆ ಏರಿಸಿಕೊಂಡು, ಬರಿತಲೆಯಲ್ಲಿ ಬರುತ್ತಿದ್ದ.

"ಒಂದನ್ನ ತಲೆಗೆ ಹಾಕ್ಕೊಳ್ಳೋ ಮಾರಾಯ."

"ನನ್ನ ಬೆವರು ಹತ್ತಿದ್ರೆ ಗಿರಾಕಿ ಮುಟ್ತಾನಾ ಅತ್ತಿಗೆ? ಓಣೀಲಿ ಪೊಲೀಸ್ ಇಲ್ಲ ಬಿಡಿ."

"ಪೊಲೀಸ್ ಇಲ್ಲದಿದ್ರೆ ನೆಲ ಇಲ್ವೇನೋ!"

ಅವನಿಗೆಂದೇ ಒಂಬತ್ತನೆಯದನ್ನು ತಂದುಕೊಟ್ಟಳು. ನಾಲ್ಕು ದಿನ ಹಾಕಿಕೊಂಡ. ಐದನೆಯ ದಿನ ಗಿರಾಕಿಗಳು ಮುಗಿಬಿದ್ದಾಗ ಅದನ್ನೂ ಬಾಡಿಗೆಗೆ ಕೊಟ್ಟ. ಅವಳು ನೋಡಿಯೂ ಸುಮ್ಮನಿದ್ದಳು. ಹಾಗೆ ಸುಮ್ಮನಿದ್ದದ್ದಕ್ಕೆ ಅವಳು ಸಾಯುವ ತನಕ ತನ್ನನ್ನು ತಾನು ಕ್ಷಮಿಸಿಕೊಳ್ಳಲಾರಳು.

ಮುಂದಿನ ವಾರ ಒಂದು ಮಧ್ಯಾಹ್ನ ಓಣಿಯ ಗೇಟೊಂದರಿಂದ ವ್ಯಾನು ಹಿಂದಕ್ಕೆ ಬಂತು. ತೋಳಿನಲ್ಲಿದ್ದ ಹೆಲ್ಮೆಟ್‌ಗಳು ಹ್ಯಾಂಡಲ್ಲಿಗೆ ಸಿಕ್ಕಿಕೊಂಡು ಅವನಿಗೆ ಬ್ರೇಕ್ ಹಿಡಿಯಲಾಗಲಿಲ್ಲ. ವೇಗವೇನೂ ಇರಲಿಲ್ಲ, ಬಿದ್ದಾಗ ಚರಂಡಿಯ ಅಂಚುಕಲ್ಲು ಮಾತ್ರ ತಲೆಗೇ ಬಡಿಯಿತು. ಅವಳು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಲ್ಮೆಟ್‌ಗಳು ಓಣಿಯ ತುಂಬ ಉರುಳಿ ಬಿದ್ದಿದ್ದವು.

"ಹೆಲ್ಮೆಟ್ ಇತ್ತೇನಮ್ಮ?" ಎಂದು ಪೊಲೀಸಿನವನು ಕೇಳಿದ.

"ಒಂಬತ್ತಿತ್ತು."

ಪಾಪ, ಬುದ್ಧಿ ಕಲಕಿದೆ ಎಂದುಕೊಂಡು ಅವನು "ಇರಲಿಲ್ಲ" ಎಂದು ಬರೆದುಕೊಂಡ.

ಮೂರನೆಯ ದಿನ ಆ ಒಂಬತ್ತನ್ನೂ ಹಿತ್ತಿಲಲ್ಲಿ ಒಂದೊಂದಾಗಿ ಜಜ್ಜಿದಳು. ಹಣೆಬರಹ ಎಂದು ಸಮಾಧಾನ ಹೇಳಲು ಬಂದವರಿಗೆ, "ಹಣೆಯೇ ಒಡೆದ ಮೇಲೆ ಬರಹ ಎಲ್ಲಿ ಹುಡುಕ್ಲಿ?" ಎಂದು ಹರಿಹಾಯ್ದಳು.

ಆದರೆ ಹೊಟ್ಟೆ ಕೇಳಬೇಕಲ್ಲ. ತಿಂಗಳು ಕಳೆದ ಮೇಲೆ ಮೈದುನನ ಹೆಂಡತಿಯೇ ಬಂದು, "ಅಕ್ಕ, ಬಂಕಿನ ಹತ್ರ ನಾನು ನಿಂತ್ಕೋತೀನಿ, ನಡ್ಕೊಂಡೇ ತರ್ತೀನಿ" ಎಂದಳು. ಗೋಡೆಗೆ ಹೊಸ ಎಂಟು ಬಂದವು. ಮೊದಲ ದಿನ ಟೋಪಿಯಕ್ಕ ಪ್ರತಿಯೊಬ್ಬನ ಗಲ್ಲದ ಪಟ್ಟಿಯನ್ನೂ ತಾನೇ ಬಿಗಿದು, ಮೈದುನನ ಕತೆ ಹೇಳಿ ಕಳಿಸಿದಳು. ಅಯ್ಯೋ ಪಾಪ ಎನ್ನದವರಿಲ್ಲ. ಹಳೆಯ ಗಿರಾಕಿಯೊಬ್ಬ ಕಣ್ಣೊರೆಸಿಕೊಂಡ. ಅವನ ಬೆನ್ನು ನೋಡುತ್ತ, ಇವನಾದರೂ ಕದ್ದುಕೊಂಡು ಹೋಗಲಿ, ಹಾಕಿಕೊಂಡೇ ಮನೆ ಮುಟ್ಟಲಿ ಎಂದು ಅವಳು ಬೇಡಿಕೊಂಡಳು. ನಷ್ಟವಾದರೆ ಆಗಲಿ, ಒಂದು ತಲೆಯಾದರೂ ಉಳಿಯಲಿ.

ಸಂಜೆ ಓರಗಿತ್ತಿ ಚೀಲ ಹೊತ್ತು ನಡೆದು ಬಂದಳು. ತಿಂಗಳ ಮೇಲೆ ಮೊದಲ ಸಲ ಅವಳ ಮುಖದಲ್ಲಿ ತುಸು ಗೆಲುವಿತ್ತು.

"ಎಷ್ಟು ಒಳ್ಳೆ ಜನ ನೋಡಕ್ಕ, ಒಬ್ರೂ ಮೋಸ ಮಾಡ್ಲಿಲ್ಲ. ಎಂಟಕ್ಕೆ ಎಂಟೂ ವಾಪಸ್ ಕೊಟ್ರು."

ಟೋಪಿಯಕ್ಕ ಚೀಲವನ್ನು ಇಸಿದುಕೊಂಡು, ಅಲ್ಲೇ ಗೋಡೆಯ ಬುಡದಲ್ಲಿ ಕುಸಿದು ಕೂತು ಗಳಗಳ ಅತ್ತಳು. ಯಾಕೆಂದು ಓರಗಿತ್ತಿಗೆ ತಿಳಿಯಲಿಲ್ಲ.